ಕೊಡಕ್ಕೆ ಕುಬಸ

ಕಾಸಾರಶಿರಸಿಯ ಮನೆಯಂಗಳದಲ್ಲಿ ಸೊಸೆ ಮೀನಲಳ ಸೀಮಂತದ ಕುಬಸ ನಡೆದಿತ್ತು. ಆದರೆ ಮಣೆಯ ಮೇಲಿದ್ದದ್ದು ಹಸಿರು ಸೀರೆ ಉಡಿಸಿದ ಒಂದು ಮಣ್ಣಿನ ಕೊಡ. ಕೊರೊನಾ ಹತ್ತಿದ ಹತ್ತೊಂಬತ್ತು ವರ್ಷದ ಬಸುರಿ ಮೀನಲಳನ್ನು ಎದುರಿನ ಕೋಣೆಯಲ್ಲಿ ಬೇರೆ ಇರಿಸಿದ್ದರು. ಕಿಟಕಿಯಿಂದ ಅವಳು ನೋಡುತ್ತಿದ್ದಳು. ಜ್ವರ ಬಂದಾಗಿನಿಂದ ಹೊಟ್ಟೆಯೊಳಗಿನ ಕೂಸು ಮಿಸುಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಅವಳಿಗಿರಲಿಲ್ಲ.

“ನೀ ಹೊರಗ ಬರಬ್ಯಾಡ ಮಗಳ, ನಿನ್ನ ಬದ್ಲಿ ಈ ಕೊಡಕ್ಕ ಶಾಸ್ತರ ಮಾಡ್ತೀನಿ,” ಎಂದ ಅತ್ತೆ ರಂಭಾಬಾಯಿ, ಅರಿಶಿನದ ಒದ್ದೆ ಅಂಗೈಯನ್ನು ಕೊಡದ ಉಬ್ಬಿದ ಮೈಮೇಲೆ ಮೆಲ್ಲಗಿಟ್ಟಳು.

ಕೋಣೆಯಲ್ಲಿ ಒಬ್ಬಳೇ ಇದ್ದ ಮೀನಲಳ ಹೊಟ್ಟೆಯ ಮೇಲೆ ತಣ್ಣನೆಯ ಒದ್ದೆ ಕೈಯೊಂದು ಊರಿತು. ಒಳಗೆ ಕೂಸು ಜೋರಾಗಿ ಒದೆಯಿತು. ಅತ್ತೆ ಕೊಡದ ಮೇಲಿನ ಕೈ ತೆಗೆದಳು, ಕೂಸು ಸ್ತಬ್ಧವಾಯಿತು.

ಮೀನಲ ಕಿಟಕಿಯ ಸರಳು ಹಿಡಿದು ಚೀರಿದಳು: “ಅತ್ತೀ, ಕೈ ತಗೀಬ್ಯಾಡ್ರಿ! ಮತ್ತ ಅಲ್ಲೇ ಇಡ್ರಿ!”