ಎಡಮಗ್ಗುಲು, ಅಂಗಾತ, ಬಲಮಗ್ಗುಲು

ಸೊಂಟ ಮುರಿದು ಮಲಗಿದ್ದ ದ್ಯಾಮವ್ವನನ್ನು ಎರಡು ಗಂಟೆಗೊಮ್ಮೆ ಹೊರಳಿಸಿ, ಮಂಚಕ್ಕೆ ಕಟ್ಟಿದ ಚಾರ್ಟಿನಲ್ಲಿ ಬರೆಯುವುದು ಹಗಲು ಪಾಳಿಯಲ್ಲಿ ನನ್ನ ಕೆಲಸ: ಎಡಮಗ್ಗುಲು, ಅಂಗಾತ, ಬಲಮಗ್ಗುಲು. ನರ್ಸಿಂಗ್ ಪರೀಕ್ಷೆ ಹತ್ತಿರವಿತ್ತು. ಮೂರು ದಿನ ಮೂಲೆಯಲ್ಲಿ ಕೂತು ಓದಿಕೊಂಡೆ. ಚಾರ್ಟಿನಲ್ಲಿ ಬರೆದೆ, ಆಕೆಯನ್ನು ಹೊರಳಿಸಲಿಲ್ಲ.

ನಾಲ್ಕನೆಯ ದಿನ ಡಾಕ್ಟರು ಆಕೆಯ ಬೆನ್ನಡಿ ಕೈ ಹಾಕಿದರು. ಗ್ಲೌಸಿಗೆ ಕೀವು ಹತ್ತಿತು.

"ಇವರನ್ನ ಹೊರಳಿಸ್ತಿಲ್ವಾ?"

"ಎಲ್ಲೀದ್ರಿ ಸಾಹೇಬ್ರ," ಎಂದಳು ದ್ಯಾಮವ್ವ. "ಮೂರು ದಿನ ಆತು, ಹಗಲೆಲ್ಲ ಹಿಂಗ ಅಂಗಾತ ಬಿದ್ದೀನಿ. ಯಾರೂ ಮುಟ್ಟಿಲ್ರಿ."

ನಾನು ಚಾರ್ಟ್ ಬಿಚ್ಚಿ ಕೊಟ್ಟೆ. ಡಾಕ್ಟರು ಓದಿ, ಆ ಬೆಳಿಗ್ಗೆ ತಾನೇ ಊರಿನಿಂದ ಬಂದಿದ್ದ ದ್ಯಾಮವ್ವನ ಮಗಳ ಕೈಗಿತ್ತರು.

"ಯವ್ವಾ, ಇಲ್ಲಿ ತಾಸು ಸಮೇತ ಬರದೈತಿ. ನಿನಗ ಅರಳುಮರಳು ಆಗೇತಿ. ಸುಮ್ನ ಆ ಹುಡುಗಿ ಅನ್ನಕ್ಕ ಕಲ್ಲು ಹಾಕಬ್ಯಾಡ."

ದ್ಯಾಮವ್ವನಿಗೆ ಓದು ಬರುತ್ತಿರಲಿಲ್ಲ. ಚಾರ್ಟನ್ನೇ ನೋಡಿದಳು. ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದಳು. ನಾನು ಮಗಳ ಕೈಯಿಂದ ಚಾರ್ಟ್ ತೆಗೆದುಕೊಂಡು ಮತ್ತೆ ಮಂಚಕ್ಕೆ ಕಟ್ಟಿದೆ.

ಆಕೆ ನನ್ನ ಕೈ ಹಿಡಿದುಕೊಂಡಳು.

"ತಪ್ಪು ತಿಳೀಬ್ಯಾಡ ನನ್ನವ್ವಾ. ನೀ ಹೊರಳಿಸಿದ್ದು ನನಗ ನೆನಪೇ ಉಳಿದಿಲ್ಲ ನೋಡು."