ಇವನಿಲ್ಲದ ಆಟ

"ಇವ್ನೇ ನಮ್ ವೇಡ್," ಎಂದು ಕೋಚ್ ಹ್ಯಾಸ್ಕೆಲ್ ಕೆಚಪ್ ಬಾಟಲಿಯನ್ನು ಮೇಜಿನ ನಡುವೆ ಕುಕ್ಕಿದಾಗ, ಹೋಟೆಲಿನಲ್ಲಿದ್ದವರೆಲ್ಲ ತಿಂಡಿ ಬಿಟ್ಟು ಸುತ್ತ ನೆರೆದರು. ಚೆಂಡನ್ನು ಕೈಯಲ್ಲಿ ಎಸೆದು, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡವುವ ಅಮೆರಿಕದ ಫುಟ್‌ಬಾಲ್; ಟೆಕ್ಸಸ್‌ನ ಶಾಲೆಗಳ ಫೈನಲ್ ಅಂದು ಸಂಜೆಗಿತ್ತು. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸನ ಜೀವ ಅಡಗಿರುವ ಹಾಗೆ, ಊರಿನ ಜೀವವೆಲ್ಲ ಆ ಬಾಟಲಿಯೊಳಗಿತ್ತು.

ಕೋಚ್ ಕಾಳುಮೆಣಸಿನ ಡಬ್ಬಿಯನ್ನು ಬಾಟಲಿಯ ಬೆನ್ನ ಕಡೆಯಿಂದ ನುಗ್ಗಿಸಿದರು. "ಅವ್ರ ದಢೂತಿ ಆಟಗಾರ ಕೆಡವೋಕೆ ಹಿಂಗ್ ಬರ್ತಾನೆ. ವೇಡ್ ಓರೆಗಣ್ಣಲ್ಲೇ ನೋಡ್ತಾನೆ, ಚೆಂಡು ಎಸೆದೇ ಬಿಡ್ತಾನೆ. ಏಳು ಪಾಯಿಂಟಲ್ಲಿ ನಾವೇ ಗೆಲ್ಲೋದು!"

"ಹೋದ್ವರ್ಷಾನೂ ಹಿಂಗೇ ಅಂದ್ರಿ ಕೋಚ್. ಆಮೇಲೆ ಟೋಪಿ ಮುಖದ್ ಮೇಲೆ ಎಳ್ಕೊಂಡು ಬಂದ್ರಿ," ಎಂದ ಅಂಚೆಯವ ಲೈಲ್.

"ಹೋದ್ವರ್ಷ ವೇಡ್ ಇರ್ಲಿಲ್ವಲ್ಲೋ ಮಾರಾಯ! ಏನಂತೀಯ ನಡೀನ್, ನಿನ್ ಮಗ ಅಲ್ವಾ?"

ಕಾಫಿ ಬಗ್ಗಿಸುತ್ತಿದ್ದ ನಡೀನಳ ಕೈ ನಿಂತಿತು. ಹೋದ ವಾರದ ಆಟದಲ್ಲಿ ತಲೆಗೆ ಪೆಟ್ಟು ಬಿದ್ದಾಗಿನಿಂದ ವೇಡ್‌ಗೆ ಒಂದು ಎರಡಾಗಿ ಕಾಣುತ್ತಿತ್ತು. ಬೆಳಿಗ್ಗೆ ಹಾಲಿನ ಲೋಟಕ್ಕೆ ಚಾಚಿದ ಅವನ ಕೈ ಬರಿ ಗಾಳಿಯನ್ನು ಹಿಡಿದಿತ್ತು. "ಯಾರಿಗೂ ಹೇಳ್ಬೇಡಮ್ಮಾ, ಹೇಳಿದ್ರೆ ನಿನ್ ಜೊತೆ ಮಾತೇ ಆಡಲ್ಲ," ಎಂದು ಆಣೆ ಹಾಕಿಸಿಕೊಂಡಿದ್ದ. ಅದೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ?

ಕೋಚ್ ಮತ್ತೊಮ್ಮೆ ತೋರಿಸಲೆಂದು ಮೆಣಸಿನ ಡಬ್ಬಿಯನ್ನು ಸರಿಸತೊಡಗಿದರು. ಅದು ಬೆರಳಗಲ ದೂರಕ್ಕೆ ಬಂದಾಗ ನಡೀನ್ ಬಾಟಲಿಯನ್ನು ಎತ್ತಿ ಎದೆಗವಚಿಕೊಂಡಳು.

"ಈಗ ಹೇಳಿ ಕೋಚ್," ಎಂದಳು. "ಇವನಿಲ್ದೆ ಯಾರು ಗೆಲ್ತಾರೆ?"