ಸಾಲಿನಲ್ಲಿ ನಿಂತ ಪತ್ರಗಳು

ರಕ್ತನಿಧಿಯ ಕಂಪ್ಯೂಟರು ಒಂದು ಕೋರಿಕೆಯನ್ನು ತೆರೆಯಲು ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ರಿಪೇರಿಗೆ ಬಂದ ನಯಾಜ್ ಕಾರಣ ಹುಡುಕಿದ: ಇಮೇಲನ್ನು ನಿಗದಿತ ಹೊತ್ತಿಗೆ ಕಳಿಸುವ ಆಡ್-ಆನ್. ತೀರಿಕೊಂಡು ಆರು ವರ್ಷವಾದ ಗಂಡನ ಪತ್ರ ಗುಮಾಸ್ತೆ ವನಜಾಕ್ಷಿಯವರಿಗೆ ಪ್ರತಿದಿನ ಅದರಿಂದಲೇ ಬರುತ್ತಿತ್ತು. ಸತ್ತವರ ಪತ್ರಗಳು ಈಗ ಹಾಲಿನ ಪ್ಯಾಕೆಟ್ಟಿನಷ್ಟೇ ಮಾಮೂಲು. ಅವನ್ನು ನಿಲ್ಲಿಸುವ ಹಕ್ಕು ಪತ್ರ ಪಡೆಯುವವರಿಗೆ ಮಾತ್ರ.

“ಮೇಡಂ, ನಿಮ್ಮ ಯಜಮಾನ್ರು ಪ್ರತಿ ಪತ್ರದ ಕೊನೆಗೂ ‘ಬರ್ತೀನಿ’ ಅಂದಿದ್ದಾರೆ. ಇದು ಅದನ್ನೇ ನಂಬಿ, ಮುಂದಿನ ಪತ್ರ ತಾನೇ ಬರೆದು ಸಾಲಲ್ಲಿ ನಿಲ್ಲಿಸ್ತಿದೆ. ನಲವತ್ತು ಸಾವಿರ ಆಗಿದೆ.”

“ಹೊರಡೋವಾಗ ‘ಹೋಗ್ತೀನಿ’ ಅಂತ ಯಾರಪ್ಪ ಅಂತಾರೆ?”

“ಯಂತ್ರಕ್ಕೇನು ಗೊತ್ತು? ನೀವೇ ಬೀಳ್ಕೊಟ್ಟು ಒಂದು ಮಾತು ಬರೆದ್ರೆ ನಿಲ್ಲುತ್ತೆ. ಹೊರಗೆ ಬಿ ನೆಗೆಟಿವ್‌ಗೆ ಕಾಯ್ತಿದ್ದಾರೆ.”

ವನಜಾಕ್ಷಿ ಕನ್ನಡಕ ಒರೆಸಿಕೊಂಡು ಟೈಪು ಮಾಡಿದರು. ಸಾಲು ಕರಗಿತು: ಮೂವತ್ತು ಸಾವಿರ, ಒಂಬತ್ತು ಸಾವಿರ, ಸೊನ್ನೆ. ಕೋರಿಕೆ ಕ್ಷಣದಲ್ಲಿ ತೆರೆದುಕೊಂಡಿತು. ರಕ್ತದ ಚೀಲ ಹೊರಗೆ ಹೋಯಿತು.

ಸೊನ್ನೆ ಒಂದಾಯಿತು. ಅನಂತರ ಎರಡು, ನಾಲ್ಕು, ಎಂಟು.

“ಏನಂತ ಬರೆದ್ರಿ ಮೇಡಂ?”

“ಬರೀ ‘ಹೋಗಿ’ ಅಂತ ಬರೆಯೋಕೆ ಕೈ ಬರ್ಲಿಲ್ಲ,” ಎಂದರು ವನಜಾಕ್ಷಿ. “‘ಹೋಗಿ ಬನ್ನಿ’ ಅಂದೆ.”